ತಲೆ ಬಗ್ಗಿಸಿ ಕೂತ ಸಂದರ್ಶನ

ಲ್ಯಾಪ್‌ಟಾಪಿನ ಮುಂದೆ ಅವ್ವ ಕಪ್ಪು-ಬಸಿಯ ಸಮೇತ ಚಹಾ ತಂದಿಟ್ಟಿದ್ದಳು.

"ಅವರೇನ್ ಇದರಾಗಿಂದ ಕೈ ಹಾಕಿ ಕುಡಿತಾರ?" ಎಂದ ಅಪ್ಪ.

"ಕುಡಿಲಿಕ್ಕ ಬ್ಯಾಡ, ಕಾಣ್ಲಿ. ಚಾ ಸೈತ ಕೇಳಲಿಲ್ಲ ಅಂದಾರು."

ಅವರು ಎಂದರೆ ಜಪಾನಿನ ಒಂದು ಭಾಷಾ ಶಾಲೆಯ ಶಿಕ್ಷಕಿ. ಎಂ.ಎಸ್ಸಿ. ಮುಗಿದ ಮೇಲೆ ನಾನು ಹುಮನಾಬಾದಿನ ಒಂದು ಕೇಂದ್ರಕ್ಕೆ ಹೋಗುತ್ತಿದ್ದೆ. ಜಪಾನಿನಲ್ಲಿ ಓದಲು ಹೊರಟವರಿಗೆ ಭಾಷೆ ಕಲಿಸಿ, ಕಾಗದಪತ್ರ ಹೊಂದಿಸಿ, ಸಂದರ್ಶನಕ್ಕೆ ಸಿದ್ಧಮಾಡುವ ಜಾಗ ಅದು. ನಡೆಸುವವರು ಜಪಾನಿನಲ್ಲೇ ಓದಿ ಬಂದ ಮೇಡಂ. ಸಂದರ್ಶನದಲ್ಲಿ ಒಪ್ಪಿಗೆಯಾದರೆ ಮಾತ್ರ ಶಾಲೆಯಲ್ಲಿ ಸೀಟು. ಖರ್ಚು ಕೊಡುವ ತಂದೆಯನ್ನೂ ನೋಡಬೇಕು ಎಂದಿದ್ದರಿಂದ ಬಸವಕಲ್ಯಾಣದ ನಮ್ಮ ಮನೆಯಲ್ಲೇ ಕೂತಿದ್ದೆವು. ಮೇಡಂ ಹುಮನಾಬಾದಿನಿಂದ, ಪರದೆಯ ಒಂದು ಮೂಲೆಯಲ್ಲಿದ್ದು ಅನುವಾದಿಸುತ್ತಿದ್ದರು.

ಹೊರಗಿನವರು ಹುಡುಗಿಯನ್ನು ನೋಡುತ್ತಾರೆ ಎಂದರೆ ನಮ್ಮ ಮನೆಗೆ ಗೊತ್ತಿದ್ದದ್ದು ಒಂದೇ ಬಗೆ. ಪಲ್ಲಂಗದ ಮೇಲೆ ಹೊಸ ಚಾದರ, ನನಗೆ ಇಳಕಲ್ ಸೀರೆ. "ತಲಿ ಬಗ್ಗಿಸಿ ಕೂಡು, ಕೇಳಿದಷ್ಟ ಹೇಳು" ಎಂದು ಅವ್ವ ಬಾಗಿಲ ಹಿಂದೆ ಹೋದಳು. ಗಂಡಿನ ಕಡೆಯವರ ಮುಂದೆ ಹಾಗೆ ಕೂತು ರೂಢಿಯಿತ್ತು. ಕೂತೊಡನೆ ಏನೂ ಅನಿಸದಂತಾಗುವುದೂ ರೂಢಿಯೇ.

ಜಪಾನಿಗೆ ಯಾಕೆ ಬರಬೇಕೆಂದಿದ್ದೀರಿ ಎಂದು ಶಿಕ್ಷಕಿ ಕೇಳಿದರು. ಬಟ್ಟೆಗೆ ಹಾಕುವ ಬಣ್ಣಗಳ ರಸಾಯನಶಾಸ್ತ್ರವನ್ನು ಮುಂದೆ ಅಲ್ಲಿ ಓದಬೇಕು ಎಂಬ ಉತ್ತರವನ್ನು ಎಷ್ಟೋ ಸಲ ಅಭ್ಯಾಸ ಮಾಡಿದ್ದೆ. ಈಗ ಚಾದರದ ಅಂಚು ನೋಡುತ್ತಿದ್ದೆ. ಮಾತು ಮರೆತಿರಲಿಲ್ಲ. ಅದನ್ನು ನಾನೇ ಹೇಳಬೇಕು ಎಂಬುದು ಹೊಳೆಯಲಿಲ್ಲ.

"ಅಕಿಗೇನ್ ಕೇಳ್ತೀರ್ರಿ," ಎಂದಳು ಅವ್ವ, ಬಾಗಿಲ ಹಿಂದಿನಿಂದ. "ಭಾಳ ಶಾಣೆ ಹುಡುಗಿ. ಅಡಗಿ, ಮನಿಗೆಲಸ ಎಲ್ಲಾ ಬರ್ತದ. ಹೇಳಿದ್ ಮಾತ್ ಮೀರಂಗಿಲ್ಲ."

"ಹೌದ್ರಿ." ಅಪ್ಪ ಪರದೆಗೆ ಕೈ ಮುಗಿದ. "ನಿಮಗ ಪಸಂದ್ ಬಿದ್ರ ಹೇಳಿ ಕಳಸ್ರಿ."

ಮೇಡಂ ಅಷ್ಟನ್ನೂ ಹಾಗೇ ಅನುವಾದಿಸಿದರು.

ಸಂಜೆ ಮೇಡಂ ಅವರ ಫೋನು ಬಂತು. "ಹುಡುಗಿಗೇ ಮನಸ್ಸದನೋ, ಮನ್ಯಾನವ್ರು ಕಳಸಾಕತ್ತಾರೋ ತಿಳಿಲಿಲ್ಲ ಅಂದಾರ. ಕೈಕಾಲ್ ಹಿಡದೀನಿ. ನಾಳಿ ಇನ್ನೊಮ್ಮೆ ಕೇಳ್ತಾರ, ನಿನ್ನೊಬ್ಬಾಕಿಗೇ. ಇದ ಕಡೀದು. ಇಲ್ಲಿಗೇ ಬಾ."

"ಒಬ್ಬಾಕಿಗಾ?" ಅವ್ವನಿಗೆ ನಿಜಕ್ಕೂ ಚಿಂತೆಯಾಗಿತ್ತು. "ಮತ್ತ ನಿನ್ನ ಬಗ್ಗೆ ಚಲೋ ಮಾತು ಯಾರು ಹೇಳ್ತಾರ?"

ಸೀರೆ ಮಡಚಿಟ್ಟೆ. ಭಯವೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಚೂಡಿದಾರ ಹಾಕಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ. ಮೇಡಂ ನನ್ನನ್ನು ಕೂರಿಸಿ, ತಾವು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಶಿಕ್ಷಕಿ ಅದೇ ಪ್ರಶ್ನೆ ಕೇಳಿದರು. ಕ್ಯಾಮೆರಾದ ಪಕ್ಕದ ಸಣ್ಣ ದೀಪ ನೋಡುತ್ತ, ಬಣ್ಣಗಳ ಬಗ್ಗೆ ಓದಬೇಕು, ಬರುತ್ತೇನೆ ಎಂದದ್ದು ಮನೆಯವರಲ್ಲ, ನಾನೇ ಎಂದು ಜಪಾನಿ ಭಾಷೆಯಲ್ಲಿ ಹೇಳಿದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ, ಜೋರಾಗಿ ಹೇಳಿದೆ.