ಕೆಂಪು ದಾರದ ಗುಂಡಿ

ನನ್ನ ಸೊಂಟದ ಅಳತೆಯ ವಿಷಯದಲ್ಲಿ ನಾನು ಎಂದೂ ಸತ್ಯವಂತನಾಗಿರಲಿಲ್ಲ. ದರ್ಜಿ ಟೇಪು ಹಿಡಿದು ಬಂದರೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಹಾಗಾಗಿ ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಅಂಗಡಿಗಳಲ್ಲಿ ರೆಡಿಮೇಡ್ ಪ್ಯಾಂಟುಗಳು ರಾಶಿ ಬಿದ್ದಾಗ ನನ್ನಷ್ಟು ಖುಷಿಪಟ್ಟವರು ಊರಲ್ಲಿ ಇರಲಿಕ್ಕಿಲ್ಲ. ಅಳತೆ ಕೊಡುವ ಕಷ್ಟವಿಲ್ಲ, ಬೆಲೆಯೂ ತೀರ ಅಗ್ಗ. ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ ಎಂದು ಕೇಳುವ ಬುದ್ಧಿ ಮಾತ್ರ, ದಿನಾ ಬಳ್ಳಾರಿಯಿಂದ ಕುರುಗೋಡಿನ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳುತ್ತಿದ್ದ ನನಗೆ ಬರಲಿಲ್ಲ.

ಅಂಥದೊಂದು ಪ್ಯಾಂಟು ತೊಟ್ಟು ಸಿರಿಗೇರಿಗೆ ಮದುವೆಗೆ ಹೋದೆ. ನಾಲ್ಕನೆಯ ಹೋಳಿಗೆಗೆ ಸೊಂಟದ ಗುಂಡಿ ಸಿಡಿದು ಎದುರು ಪಂಕ್ತಿಯ ಹಿರಿಯರೊಬ್ಬರ ಸಾರಿನಲ್ಲಿ ಬಿತ್ತು. ಅವರು ಅದನ್ನು ತೊಳೆದು ನನ್ನ ಕೈಗಿಟ್ಟು ಏನೂ ಆಗದವರಂತೆ ಊಟ ಮುಂದುವರಿಸಿದರು. ನಾನು ಬಳ್ಳಾರಿಯವರೆಗೂ ಬಸ್ಸಿನಲ್ಲಿ ಪ್ಯಾಂಟು ಹಿಡಿದುಕೊಂಡೇ ಬಂದೆ.

ಮರುದಿನ ಅಂಗಡಿಗೆ ಹೋಗಿ, ಇದೇನು ಹೊಲಿಗೆ ಎಂದು ಜೋರು ಮಾಡಿದೆ. ಮಾಲೀಕ ಪ್ಯಾಂಟಿನ ಸೊಂಟ ಮಗುಚಿ ನೋಡಿದ. ಗುಂಡಿ ಇದ್ದಲ್ಲಿ ಕೆಂಪು ದಾರದ ಗಂಟೊಂದು ಉಳಿದಿತ್ತು. ಗುಂಡಿ ಹಚ್ಚುವ ಕೆಲಸವನ್ನು ಮನೆಗಳಿಗೆ ಕೊಡುತ್ತಿದ್ದರು. ಯಾರ ಕೈಯದೆಂದು ಗೊತ್ತಾಗಲೆಂದು ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬಣ್ಣದ ದಾರ.

"ಕೆಂಪು ದಾರದಾಕಿ," ಎಂದ ಮಾಲೀಕ. "ಇನ್ನ ಆಕಿಗೆ ಕೆಲಸ ಕೊಡಂಗಿಲ್ಲ, ಬಿಡ್ರಿ ಮೇಷ್ಟ್ರ."

ಬೇರೆ ಪ್ಯಾಂಟು ಕೊಟ್ಟ. ದೊಡ್ಡ ನ್ಯಾಯ ಗೆದ್ದವನಂತೆ ಮನೆಗೆ ಬಂದೆ.

ನಮ್ಮ ಹಿತ್ತಲಿನಾಚೆ ಈರಮ್ಮನ ಮನೆ. ಗಂಡ ತೀರಿಹೋಗಿದ್ದ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಹೊಸ್ತಿಲಲ್ಲಿ ಪ್ಯಾಂಟುಗಳ ಗಂಟು ಬಿಚ್ಚಿಕೊಂಡು, ಬೆಳಕಿರುವ ತನಕ ಬಗ್ಗಿ ಕೂತಿರುತ್ತಿದ್ದಳು. ಅವಳ ಕಣ್ಣು ಮಂಜಾಗಿದ್ದರಿಂದ ನನ್ನ ಹೆಂಡತಿಯೇ ಆಗಾಗ ಸೂಜಿ ಪೋಣಿಸಿ ಕೊಡುತ್ತಿದ್ದಳು. ಆ ವಾರ ಹೊಸ್ತಿಲು ಖಾಲಿ ಇತ್ತು.

"ಯಾರೋ ದೊಡ್ಡ ಮನುಷ್ಯರು ಗುಂಡಿ ಕಿತ್ತೈತಿ ಅಂತ ದೂರು ಹೇಳ್ಯಾರಂತ," ಎಂದಳು ಹೆಂಡತಿ. "ಕೆಲಸ ಬಿಡಿಸ್ಯಾರ. ಆ ಕೂಸುಗಳ ಹೊಟ್ಟಿಗೆ ಏನ್ ಮಾಡ್ಬೇಕ್ರಿ ಆಕಿ?"

ಈರಮ್ಮನ ಕಿಟಕಿಯಲ್ಲಿ ಕೆಂಪು ದಾರದ ಉಂಡೆ ಕಾಣುತ್ತಿತ್ತು. ಎಷ್ಟೋ ಸಲ ನೋಡಿದ್ದೆ. ನನಗೆ ನಾಚಿಕೆಯಾಯಿತು.

ಸಂಜೆಯೇ ಅಂಗಡಿಗೆ ಹೋದೆ. ಗಿರಾಕಿಗಳು ತುಂಬಿದ್ದರು. "ತಪ್ಪು ಗುಂಡೀದಲ್ರಿ, ನನ್ನ ಹೊಟ್ಟೀದು," ಎಂದೆ. ಮಾಲೀಕ ನಂಬದೆ ಟೇಪು ತೆಗೆದ. ಜೀವನದಲ್ಲಿ ಮೊದಲ ಸಲ ಟೇಪಿನ ಮುಂದೆ ಉಸಿರು ಬಿಟ್ಟು ನಿಂತೆ. ಪ್ಯಾಂಟಿಗಿಂತ ನಾನು ಎರಡು ಇಂಚು ದೊಡ್ಡವನಿದ್ದೆ. ಅಂಗಡಿಯೆಲ್ಲ ನಕ್ಕಿತು, ಮಾಲೀಕನೂ ನಕ್ಕ. ಹೊಸ ಪ್ಯಾಂಟು ಹಿಂದಿರುಗಿಸಿ ನನ್ನ ಹಳೆಯದನ್ನೇ ಕೇಳಿ ತಂದೆ. ಮರುದಿನ ಈರಮ್ಮನ ಹೊಸ್ತಿಲಿಗೆ ಗಂಟು ಬಂತು.

ಅವಳೆದುರು ತಪ್ಪು ಒಪ್ಪಿಕೊಳ್ಳುವುದು ಅಂಗಡಿಯಲ್ಲಿ ಒಪ್ಪಿಕೊಂಡದ್ದಕ್ಕಿಂತ ಕಷ್ಟವಾಯಿತು. ಅವಳು ಬಯ್ಯಲಿಲ್ಲ. "ಹೋಗ್ಲಿ ಬಿಡ್ರಿ ಮೇಷ್ಟ್ರ, ಕೆಲಸ ಬಂತಲ್ಲ," ಎಂದು ನನ್ನ ಪ್ಯಾಂಟನ್ನೂ ಇಸಿದುಕೊಂಡು, ಗುಂಡಿಯನ್ನು ಅಂಚಿನ ತನಕ ಸರಿಸಿ ಹಚ್ಚತೊಡಗಿದಳು. ಸೂಜಿ ಎಂಟು ಸಲ ಹಾದುಹೋಯಿತು. ಗಂಟಿನಲ್ಲಿದ್ದ ಪ್ಯಾಂಟುಗಳಿಗೂ ಹಾಗೆಯೇ ಹಚ್ಚಿದ್ದಳು.

"ಮೊದ್ಲ ನಾಕು ಸಲ ಹಾಕ್ತಿದ್ಯಲ್ಲ, ಈರಕ್ಕ?" ಎಂದಳು ನನ್ನ ಹೆಂಡತಿ.

"ಇನ್ಯಾರರ ಮೇಷ್ಟ್ರಂಗ ಉಣ್ಣಾಕ ಕುಂತ್ರ ತಡೀಬೇಕಲ್ಲವಾ."

ನಾವು ಮೂವರೂ ನಕ್ಕೆವು. ಆದರೆ ಕತ್ತಲಾಗುವ ಹೊತ್ತಿಗೆ ಅವಳ ಗಂಟು ಅರ್ಧ ಉಳಿದೇ ಇತ್ತು. ಕೂಲಿ ಗುಂಡಿಯೊಂದಕ್ಕೆ ಇಷ್ಟು ಎಂದೇ ಹೊರತು, ಸೂಜಿ ಎಷ್ಟು ಸಲ ಹಾಯಿತೆಂದು ಕೇಳುವವರಿರಲಿಲ್ಲ. ನಾನು ತಪ್ಪು ಒಪ್ಪಿದ್ದರಿಂದ ಕೆಲಸ ಮರಳಿ ಬಂತು. ಆ ನಾಲ್ಕು ಹೆಚ್ಚಿನ ಹೊಲಿಗೆಗಳನ್ನು ಬಿಡಿಸಲು ನನ್ನಿಂದ ಆಗಲಿಲ್ಲ.

ಆ ಪ್ಯಾಂಟನ್ನು ಬಹಳ ವರ್ಷ ತೊಟ್ಟೆ. ಬಣ್ಣ ಹೋಯಿತು, ಮಂಡಿ ಹರಿಯಿತು. ಕೊನೆಗೆ ಹೆಂಡತಿ ಒರೆಸುವ ಅರಿವೆ ಮಾಡಲು ಹರಿಯತೊಡಗಿದಳು. ಬಟ್ಟೆ ಪರಪರ ಹರಿಯಿತು. ಗುಂಡಿ ತೆಗೆದಿಟ್ಟುಕೊಳ್ಳೋಣವೆಂದು ಜಗ್ಗಿದಳು, ಬರಲಿಲ್ಲ. ಬ್ಲೇಡು ತರ್ರಿ ಎಂದಳು.

ಬ್ಲೇಡು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಗಲಿಲ್ಲವೆಂದು ಹೇಳಿದೆ.