ಮಣೆಯ ಮೇಲೆ ಕೂತ ಪ್ರೋಟೀನ್

ಕೋವಿಡ್ ಮುಗಿದ ಮರುವರ್ಷ. ಮಡಿಕೇರಿಯ ಸಣ್ಣದೊಂದು ಸಂಶೋಧನಾಲಯದಲ್ಲಿ ಸುಟ್ಟಗಾಯ ಹೇಗೆ ಮಾಯುತ್ತದೆಂದು ಅಭ್ಯಾಸ ಮಾಡುತ್ತಿದ್ದೆ. ಜೊತೆಗಿದ್ದವರೆಲ್ಲ ವರ್ಗವಾಗಿ ಹೋಗಿ ಉಳಿದವಳು ನಾನೊಬ್ಬಳೇ. ಮಾತಿಗೆ ಜನವಿಲ್ಲದೆ, ತಟ್ಟೆಯಲ್ಲಿ ಬೆಳೆಸಿದ್ದ ಚರ್ಮದ ಜೀವಕೋಶಗಳನ್ನೇ ಗದರಿಕೊಂಡಿರುತ್ತಿದ್ದೆ.

ಅವು ಬೆಳೆಯಲು ಬೇಕಿದ್ದದ್ದು ಒಂದು ರಿಕಾಂಬಿನೆಂಟ್ ಹ್ಯೂಮನ್ ಪ್ರೋಟೀನ್. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದಲೇ ಮಾಡಿಸಿ, ಶುದ್ಧಗೊಳಿಸಿದ ಪುಡಿ. ಯಾರ ಮೈಯಿಂದಲೂ ತೆಗೆದದ್ದಲ್ಲ. ಇದ್ದ ಸೀಸೆ ಖಾಲಿಯಾಗಿತ್ತು. ಹೊಸದು ಆ ವಾರ ಬಾರದಿದ್ದರೆ ಕೋಶಗಳು ಸಾಯುತ್ತಿದ್ದವು, ನನ್ನ ದುಡಿಮೆಯೆಲ್ಲ ನೀರುಪಾಲು.

ಗುಡ್ಡ ಜರಿದು ಮಂಗಳೂರಿನ ಕೊರಿಯರ್ ಗಾಡಿ ಸಂಪಾಜೆಯಲ್ಲೇ ನಿಂತಿತು. ಚಾಲಕ ನನ್ನ ಸೀಸೆಯಿದ್ದ ಪೆಟ್ಟಿಗೆಯನ್ನು ಅಲ್ಲಿನ ಮೀನಂಗಡಿಯ ದೇವಕಿಯಕ್ಕನ ಕೈಗಿತ್ತು ವಾಪಸಾದ. "ಫ್ರೀಜರಿನಲ್ಲಿಡಿ ಅಕ್ಕ" ಎಂದು ಫೋನಿನಲ್ಲಿ ಹೇಳಿದೆ. ಒಳಗೆ ಎಂಥದೆಂದು ಕೇಳಿದರು. "ಮನುಷ್ಯರ ಪ್ರೋಟೀನ್" ಎಂದೆ.

ಮರುದಿನ ದಾರಿ ತೆರೆದದ್ದೇ ತಡ, ಓಡಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಮಣೆಯ ಮೇಲಿತ್ತು. ಪಕ್ಕದಲ್ಲೊಂದು ದೀಪ. ಐಸ್‌ಪ್ಯಾಕ್ ಕರಗಿ ನೀರಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಅಯ್ಯೋ, ಹೊರಗ್ಯಾಕೆ ತೆಗೆದ್ರಿ?"

"ಮೀನಿನೊಟ್ಟಿಗೆ ಮನುಷ್ಯರನ್ನು ಇಡ್ಲಿಕ್ಕಾಗ್ತದಾ ಮೇಡಂ? ಪಾಪ, ಯಾರ ಮನೆಯವರೋ ಏನೋ. ನಾನೂ ಇಲ್ಲೇ ಕೂತಿದ್ದೆ."

ಇದು ಯಾರ ಮೈಯದ್ದೂ ಅಲ್ಲವೆಂದು ವಿವರಿಸಿದೆ. ದೇವಕಿಯಕ್ಕ ಪೂರ್ತಿ ಕೇಳಿಸಿಕೊಂಡರು. "ಹಾಗಾದ್ರೆ ಇದಕ್ಕೆ ಯಾರೂ ಇಲ್ಲ ಅಂತಾಯ್ತು. ದೀಪ ಇಟ್ಟದ್ದು ಒಳ್ಳೇದೇ ಆಯ್ತು."

ಬೈಯುವುದನ್ನು ಬಿಟ್ಟು ಪೆಟ್ಟಿಗೆ ಎತ್ತಿಕೊಂಡೆ. ಚಿಟಿಕೆ ಪುಡಿಗೆ ಸಿಕ್ಕ ಸಂಗಾತ ಕಂಡು, ನಗಬೇಡಿ, ನನಗೆ ಹೊಟ್ಟೆಕಿಚ್ಚಾಯಿತು.

ಒಣಪುಡಿಯಾದ್ದರಿಂದ ತಂಪು ತಪ್ಪಿದರೂ ಕೆಡದೆ ಉಳಿದಿರಬಹುದು, ಖಾತ್ರಿಯೇನೂ ಇರಲಿಲ್ಲ. ಲ್ಯಾಬಿಗೆ ತಂದು, ಕುಲುಕದೆ ಮೆಲ್ಲಗೆ ಕರಗಿಸಿ ಕೋಶಗಳಿಗೆ ಹಾಕಿದೆ. ಕುಲುಕಿದರೆ ನೊರೆಯೆದ್ದು ಪ್ರೋಟೀನ್ ಹಾಳಾಗುತ್ತದೆ. ಆಮೇಲೆ ದಿನವೂ ತಟ್ಟೆ ಇಣುಕಿ ನೋಡಿದೆ. ಕೊನೆಗೊಂದು ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳು ತಟ್ಟೆಯ ತುಂಬ ಹರಡಿಕೊಂಡಿದ್ದವು! ಕುಣಿಯುವಷ್ಟು ಖುಷಿ, ಹೇಳಿಕೊಳ್ಳಲು ಯಾರೂ ಇಲ್ಲ. ದೇವಕಿಯಕ್ಕನಿಗೆ ಫೋನ್ ಮಾಡಿ, ಕೋಶಗಳು ಬದುಕಿದವೆಂದೆ.

"ಬದುಕಿದ್ವಾ? ಸದ್ಯ! ಅದಿರ್ಲಿ, ನಿಮ್ಮದು ತಿಂಡಿ ಆಯ್ತಾ?"

ಆಗಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಅಂದಿನಿಂದ ಯಾರ ಕೈಗೆ ಏನನ್ನು ಒಪ್ಪಿಸಿದರೂ, ಎಷ್ಟು ತಂಪಿನಲ್ಲಿಡಬೇಕೆಂದು ಹೇಳುವ ಮೊದಲು ಅದು ಏನೆಂದು ಬಿಡಿಸಿ ಹೇಳುವುದನ್ನು ಕಲಿತೆ. ಇವತ್ತಿನವರೆಗೂ ಆ ಪಾಠ ತಪ್ಪಿಲ್ಲ. ಹೇಳಿ ಮುಗಿಸಿದ ಮೇಲೆ, ಅವರದ್ದು ತಿಂಡಿ ಆಯಿತೇ ಎಂದೂ ಕೇಳುತ್ತೇನೆ.