ಒಂದನೇ ಪ್ರಶ್ನೆ

ಬಿ.ಎಡ್. ಓದಿದ ವರ್ಷ ನಾನು ಹೊಟ್ಟೆ ತುಂಬ ಉಂಡ ನೆನಪೇ ಇಲ್ಲ. ತುತ್ತು ಬಾಯಿಗಿಟ್ಟರೆ ಪಾಠ ನೆನಪಾಗುತ್ತಿತ್ತು, ಪಾಠ ನೆನಪಾದರೆ ತಟ್ಟೆ ಸರಿಸಿ ಏಳುತ್ತಿದ್ದೆ. ಇತಿಹಾಸ ಓದು ಅಂದರೆ ಊಟ ಬಿಟ್ಟು ಓದಿಯೇನು, ಅದು ಬೇರೆ ಮಾತು. ಆದರೆ ಒಂದು ಕೋಣೆ ತುಂಬ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತರೆ ಮೊಣಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಇಂಥ ಪುಕ್ಕಲಿಗೆ ಟೀಚರ್ ಆಗುವ ಹುಚ್ಚು ಯಾಕೆ ಹಿಡಿಯಿತೋ, ಆ ಶಿವನೇ ಬಲ್ಲ!

ಫೇಲಾದರೆ ನನ್ನೊಬ್ಬಳ ಪಾಡಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಲ್ಲಿ ದೊಡ್ಡಪ್ಪ ಹೇಳಿದ್ದೇ ಮಾತು. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಅಡಿಕೆ ಮಂಡಿಗೆ ಹೋದರೆ ಸಂಜೆಯೇ ಬರುತ್ತಿದ್ದರು. ಕೆಟ್ಟವರಲ್ಲ, ಆದರೆ ಆಡಿದ ಮಾತು ತಿರುಗಿಸುವವರೂ ಅಲ್ಲ. ನನ್ನನ್ನು ಬಿ.ಎಡ್.ಗೆ ಸೇರಿಸಿದ ದಿನವೇ ನನ್ನನ್ನೂ ಪಿಯುಸಿ ಓದುತ್ತಿದ್ದ ತಂಗಿಯನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿಬಿಟ್ಟಿದ್ದರು.

"ನೋಡವ್ವಾ, ನೀನು ಪಾಸಾದ್ರೆ ಸಣ್ಣಾಕೀನೂ ಡಿಗ್ರಿಗೆ ಹೋಗ್ಲಿ. ನೀನು ಫೇಲಾದ್ರೆ ಇಬ್ಬರ ಓದೂ ಅಲ್ಲಿಗೇ ಮುಗೀತು. ಆಮೇಲೆ ನನ್ನ ಮುಂದೆ ಆ ಸುದ್ದಿ ತೆಗೀಬ್ಯಾಡ್ರಿ."

ತಂಗಿ ನನ್ನ ಸೆರಗು ಹಿಡಿದು ನಿಂತಿದ್ದಳು. ಅವಳಿಗೆ ಡಿಗ್ರಿ ಓದುವ ಆಸೆ ನನಗಿಂತ ಹೆಚ್ಚು. ಅವಳ ಓದು ತಂದು ನನ್ನ ಮೊಣಕಾಲಿಗೆ ಕಟ್ಟಿದರಲ್ಲ ಅಂತ ನನಗೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ನನ್ನ ಪರೀಕ್ಷಾ ಪಾಠ ಬಿದ್ದದ್ದು ಹರಿಹರದ ಒಂದು ಹೈಸ್ಕೂಲಿನ ಎಂಟನೇ ತರಗತಿಗೆ. ಹೊರಗಿನಿಂದ ಬರುವ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಾರೆ. ವಿಷಯ ಹೊಯ್ಸಳರು. ಆದರೆ "ಇವತ್ತು ಹೊಯ್ಸಳರ ಪಾಠ" ಅಂತ ನೇರವಾಗಿ ಹೇಳುವ ಹಾಗಿಲ್ಲ. ಮಕ್ಕಳಿಗೆ ಮೊದಲೇ ಗೊತ್ತಿರುವುದನ್ನು ಒಂದೊಂದಾಗಿ ಕೇಳುತ್ತ ಹೋಗಿ, ಆ ಹೆಸರು ಅವರ ಬಾಯಿಂದಲೇ ಹೊರಡುವಂತೆ ಮಾಡಬೇಕು. ಅದಕ್ಕೆ ಪೂರ್ವಜ್ಞಾನದ ಪ್ರಶ್ನೆ ಅಂತ ಹೆಸರು. ಹೊರಡದಿದ್ದರೆ ಪಾಠ ಬಾಗಿಲಲ್ಲೇ ಮುಗ್ಗರಿಸಿದ ಹಾಗೆ.

ಇದಕ್ಕೆ ಸೀನಿಯರ್‌ಗಳಿಂದ ಬಂದ ಒಂದು ಪದ್ಧತಿ ಇತ್ತು. ಹಿಂದಿನ ದಿನವೇ ಹೋಗಿ, ಪೆಪ್ಪರಮೆಂಟು ಹಂಚಿ, ಮೊದಲ ಬೆಂಚಿನ ಮಕ್ಕಳಿಗೆ ಸಾಲಾಗಿ ಒಂದೊಂದು ಉತ್ತರ ಕೊಟ್ಟು ಬರುವುದು. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದೆ. ಊರ ಪಕ್ಕದ ನದಿ ಯಾವುದು? ತುಂಗಭದ್ರಾ. ದಂಡೆಯ ಮೇಲಿನ ಹಳೆಯ ಗುಡಿ? ಹರಿಹರೇಶ್ವರ. ಆ ಒಂದೇ ಮೂರ್ತಿಯಲ್ಲಿರುವ ಇಬ್ಬರು ದೇವರು? ಹರಿ ಮತ್ತು ಹರ. ಗುಡಿ ಕಟ್ಟಿದ ಕಾಲದ ರಾಜಮನೆತನ? ಹೊಯ್ಸಳರು. ನಾಲ್ಕು ಪ್ರಶ್ನೆ, ನಾಲ್ಕು ಹುಡುಗಿಯರು, ಕೂತ ಸಾಲಿನಲ್ಲೇ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಉತ್ತರ ಹೇಳಬೇಕು. ಮನೆಯಲ್ಲಿ ತಂಗಿ ಚಾರ್ಟಿನ ಮೇಲೆ ಹೊಯ್ಸಳ ಲಾಂಛನದ ಸಿಂಹಕ್ಕೆ ಬಣ್ಣ ತುಂಬಿ ಕೊಟ್ಟಳು. ಸಿಂಹ ನಮ್ಮ ಓಣಿಯ ಬೆಕ್ಕಿನ ಹಾಗೆ ಕಾಣುತ್ತಿತ್ತು. ಆದರೂ ಜೋಪಾನವಾಗಿ ಸುತ್ತಿಟ್ಟುಕೊಂಡೆ.

ಬೆಳಗ್ಗೆ ಹರಿಹರದ ಬಸ್ಸಿನಲ್ಲಿ ಕೂತಾಗಿನಿಂದಲೇ ನಾಲ್ಕೂ ಪ್ರಶ್ನೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪರೀಕ್ಷಕರು ದಪ್ಪ ಕನ್ನಡಕದ, ನಗು ಅಂದರೇನೆಂದು ಗೊತ್ತಿಲ್ಲದ ಮನುಷ್ಯ. ಬಂದು ಕೂತು, ಪೆನ್ನಿನ ಟೋಪಿ ತೆಗೆದು, "ಶುರು ಮಾಡ್ರಿ" ಅಂದರು. ನದಿ ಎಲ್ಲಿ ಹೋಯಿತೋ, ನನ್ನ ನಾಲಿಗೆ ಸೀದಾ ಎರಡನೆಯ ಪ್ರಶ್ನೆಗೆ ಹಾರಿತು.

"ಮಕ್ಕಳೇ, ನದಿ ದಂಡೆಯ ಮೇಲಿರುವ ಹಳೆಯ ಗುಡಿ ಯಾವುದು?"

ಮೊದಲನೆಯವಳು ಟಣ್ ಅಂತ ಎದ್ದು ನಿಂತಳು. "ತುಂಗಭದ್ರಾ, ಮಿಸ್."

ತಪ್ಪಿದ್ದು ನಾನು ಅಂತ ಆಗಲೂ ಹೊಳೆಯಲಿಲ್ಲ ನೋಡಿ, ಅದೇನು ಮಂಕು ಕವಿದಿತ್ತೋ! ಇವಳಿಗೆ ಮರೆತಿರಬೇಕು ಅಂದುಕೊಂಡು ಮುಂದೆ ಹೋದೆ. ಒಂದೇ ಮೂರ್ತಿಯಲ್ಲಿರುವ ಇಬ್ಬರು ದೇವರು ಯಾರು ಅಂದೆ. ಎರಡನೆಯವಳು "ಹರಿಹರೇಶ್ವರ ಗುಡಿ" ಅಂದಳು. ಯಾವ ರಾಜಮನೆತನ ಅಂದೆ. ಮೂರನೆಯವಳು ಕೈ ಕಟ್ಟಿಕೊಂಡು, ಸ್ಪಷ್ಟವಾಗಿ, "ಹರಿ ಮತ್ತು ಹರ" ಅಂದಳು.

ಹಿಂದಿನ ಬೆಂಚಿನಲ್ಲಿ ಪೆನ್ನು ಸರಸರ ಓಡುತ್ತಿತ್ತು. ಅಷ್ಟರಲ್ಲಿ ನಾಲ್ಕನೆಯವಳು, ಎರಡು ಜಡೆಯ ಸಣ್ಣ ಹುಡುಗಿ, ಯಾರೂ ಕೇಳದೆ ತಾನೇ ಎದ್ದು ನಿಂತು ಅಳತೊಡಗಿದಳು.

"ಮಿಸ್, ನೀವು ಒಂದನೇದು ಕೇಳ್ಲೇ ಇಲ್ಲ. ನಂದು ಹೊಯ್ಸಳರು ಐತೆ. ಈಗ ನಾನು ಯಾವಾಗ ಹೇಳ್ಲಿ?"

ಪೆನ್ನು ನಿಂತಿತು. ಪರೀಕ್ಷಕರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕಣ್ಣೆದುರು ಬಂದದ್ದು ಬೆಕ್ಕಿನಂಥ ಸಿಂಹಕ್ಕೆ ಬಣ್ಣ ತುಂಬುತ್ತ ಕೂತ ತಂಗಿ. ಮುಗೀತು, ಅವಳ ಕಾಲೇಜನ್ನು ನಾನೇ ಮುಳುಗಿಸಿದೆ ಅನ್ನಿಸಿತು. ಓಡಿಹೋಗೋಣ ಅಂದರೆ ಬಾಗಿಲು ಅವರ ಪಕ್ಕದಲ್ಲೇ ಇತ್ತು.

ಮುಳುಗಿದವಳಿಗೆ ಚಳಿಯೇನು, ಮಳೆಯೇನು! ಹುಡುಗಿಯ ಹತ್ತಿರ ಹೋಗಿ ಕಣ್ಣೊರೆಸಿದೆ. "ಅಳಬ್ಯಾಡ. ನಿನ್ನೆ ಹೇಳಿಕೊಟ್ಟಿದ್ದು ಬಿಟ್ಬಿಡು. ಆ ಗುಡಿಗೆ ಹೋಗಿದ್ದೀಯಾ?"

"ದಿನಾ ಹೋಗ್ತೀನಿ ಮಿಸ್. ಕಂಬದಾಗ ಮುಖ ನೋಡ್ಕಂತೀವಿ. ಸೊಟ್ಟ ಕಾಣ್ತೈತೆ."

ಇಡೀ ತರಗತಿ ಗೊಳ್ಳೆಂದಿತು. ಕಲ್ಲಿನ ಕಂಬದಲ್ಲಿ ಮುಖ ಹೇಗೆ ಕಂಡೀತು ಅಂದೆ. ನುಣ್ಣಗೈತೆ ಅಂದರು. ಯಾರು ಅಷ್ಟು ನುಣ್ಣಗೆ ಮಾಡಿದ್ದು, ಯಾಕೆ ಮಾಡಿದ್ದು, ಅವರಿಗೆ ಯಾರು ಹೇಳಿದ್ದು ಅಂತ ಕೇಳುತ್ತ ಹೋದೆ. ಎಲ್ಲರೂ ಒಟ್ಟಿಗೇ ಕೂಗುತ್ತಿದ್ದರು. ಕೊನೆಗೆ ಎರಡು ಜಡೆಯವಳು ಬೆಂಚಿನ ಮೇಲೇ ಹತ್ತಿ ನಿಂತು "ಹೊಯ್ಸಳರು!" ಅಂತ ಚೀರಿದಳು. ಗಂಟೆ ಹೊಡೆಯುವವರೆಗೂ ಮಾತಾಡಿದೆ. ಏನು ಮಾತಾಡಿದೆನೋ ಈಗಲೂ ನೆನಪಿಲ್ಲ.

ಪರೀಕ್ಷಕರು ಎದ್ದು ಬಾಗಿಲ ಹತ್ತಿರ ನಿಂತರು. "ಒಂದನೇ ಪ್ರಶ್ನೆ ಏನಿತ್ತಮ್ಮ?"

"ನದಿ, ಸರ್."

"ಹೂಂ," ಅಂದು ಹೊರಟುಹೋದರು. ಆ ಒಂದು ಹೂಂ ಫಲಿತಾಂಶ ಬರುವವರೆಗೂ ನನಗೆ ನಿದ್ದೆ ಕೊಡಲಿಲ್ಲ.

ಮನೆಗೆ ಬಂದರೆ ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. "ಹೆಂಗಾತಕ್ಕಾ? ನನ್ನ ಸಿಂಹ ತೋರ್ಸಿದ್ಯಾ?" ಚಾರ್ಟು ಸುತ್ತಿದ್ದು ಸುತ್ತಿದ ಹಾಗೆಯೇ ನನ್ನ ಕಂಕುಳಲ್ಲಿತ್ತು. "ತೋರ್ಸಿದೆ, ಚಲೋ ಆತು" ಅಂದೆ. ಅವಳು ಒಳಗೋಡಿ ದೊಡ್ಡಪ್ಪನಿಗೆ ಕೇಳುವಂತೆ ಸಾರಿಬಿಟ್ಟಳು. ನಾನು ಚಾರ್ಟನ್ನು ಸದ್ದಿಲ್ಲದೆ ಮಂಚದ ಕೆಳಗೆ ತಳ್ಳಿದೆ.

ಪಾಸಾದೆ. ಪಾಠಕ್ಕೆ ಬಿದ್ದ ಅಂಕ ಹೇಳಿಕೊಳ್ಳುವಂಥದ್ದಲ್ಲ, ಆದರೂ ಪಾಸು. ದೊಡ್ಡಪ್ಪ ತಂಗಿಯನ್ನು ಕರೆದು, "ಹೋಗು ಮತ್ತ, ಕಾಲೇಜಿಗೆ ಸೇರ್ಕೋ" ಅಂದರು, ಅಷ್ಟೇ.

ಕಾಲೇಜಿನಲ್ಲಿ ಸೇರಿಸಿಕೊಳ್ಳುವ ಮೊದಲು ಸಂದರ್ಶನ ಅಂತ ಇತ್ತು. ಅವಳ ಜೊತೆ ನಾನೇ ಹೋದೆ. ವರಾಂಡದಲ್ಲಿ ಕಾಯುತ್ತ ಕೂತಾಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅಕ್ಕಾ, ಒಳಗ ಏನು ಕೇಳ್ತಾರ? ಈಗ್ಲೇ ಹೇಳ್ಕೊಡು, ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ."

ಹೇಳಿಕೊಡಲು ಬಾಯಿ ತೆರೆದೆ. ಎರಡು ಜಡೆಯ ಹುಡುಗಿ ನೆನಪಾದಳು.

"ಬ್ಯಾಡ. ಕೇಳಿದ್ದು ಪೂರ್ತಿ ಕೇಳ್ಸ್ಕೋ. ನಿನಗೇನು ಗೊತ್ತೈತೋ ಅದನ್ನ ಹೇಳು."

ಒಳಗಿನಿಂದ ಅವಳ ಹೆಸರು ಕೂಗಿದರು. ಅವಳು ಎದ್ದು ಹೋಗಲು ನೋಡಿದಳು, ಆದರೆ ಅವಳ ಕೈಯನ್ನು ನಾನು ಬಿಟ್ಟಿರಲಿಲ್ಲ.